ಡರ್ಟಿ ಪ್ರೆಟಿ ಥಿಂಗ್ಸ್ ಸಿನಿಮಾ ನೋಡಿರೋರು ಬನ್ನಿ, ಹಂಗೇ ನಮ್ಮ ಕಾಫಿ ತೋಟದ ಕೂಲಿಯೋರು ಇರೋ ಲೈನ್ ಮನೆ ವಿಷ್ಯಾನೂ ಮಾತಾಡ್ಬೇಕು

ಹ್ಯಾಂಡ್‌ಪೋಸ್ಟ್ ಹುಡುಗ, ಮೂಡಿಗೆರೆ

2002ರ ಸಿನಿಮಾ ಇದು, ಕಥೆ ನಡಿಯೋದು ಲಂಡನ್ನಲ್ಲಿ. ನಾನು ಕೊನೇವರ್ಗೂ ಹೇಳ್ಬಿಡ್ತೀನಿ, ಸಸ್ಪೆನ್ಸ್ ಬೇಕು ಅನ್ನೋರು ಮೊದ್ಲು ನೋಡ್ಕೊಂಡು ಆಮೇಲೆ ಓದಿ.

ಓಕ್ವೆ ಅಂತ ಒಬ್ಬ ನೈಜೀರಿಯಾದವನು, ಅವ್ನ ಊರಲ್ಲಿ ಡಾಕ್ಟ್ರು, ಲಂಡನ್ನಲ್ಲಿ ಪೇಪರ್ ಇಲ್ದೇ ಇದಾನೆ. ಹಗಲೆಲ್ಲಾ ಟ್ಯಾಕ್ಸಿ ಓಡಿಸ್ತಾನೆ, ರಾತ್ರಿ ಒಂದು ಹೋಟೆಲ್ ರಿಸೆಪ್ಷನ್ನಲ್ಲಿ ನಿಲ್ತಾನೆ, ನಿದ್ದೆ ಬರ್ಬಾರ್ದು ಅಂತ ಖಾಟ್ ಅನ್ನೋ ಸೊಪ್ಪು ಅಗೀತಾ ಇರ್ತಾನೆ. ಶೆನಾಯ್ ಅಂತ ಟರ್ಕಿ ಹುಡುಗಿ, ಆಶ್ರಯ ಕೊಡಿ ಅಂತ ಅರ್ಜಿ ಹಾಕಿದಾಳೆ, ಅದು ಇತ್ಯರ್ಥ ಆಗೋವರ್ಗೂ ಕೆಲ್ಸ ಮಾಡಂಗಿಲ್ಲ, ಬಾಡಿಗೆಗೆ ಯಾರ್ನೂ ಇಟ್ಕೊಳಂಗಿಲ್ಲ, ಆದ್ರೆ ಹೊಟ್ಟೆ ಕೇಳ್ಬೇಕಲ್ಲ, ಅದೇ ಹೋಟೆಲಲ್ಲಿ ಕದ್ದು ರೂಮ್ ಕ್ಲೀನಿಂಗ್ ಮಾಡ್ತಾಳೆ. ಒಂದು ರಾತ್ರಿ ಯಾವ್ದೋ ರೂಮಿನ ಟಾಯ್ಲೆಟ್ ಕಟ್ಕೊಂಡಿದೆ ಅಂತ ಓಕ್ವೆ ಹೋಗಿ ಕೈ ಹಾಕಿ ತೆಗೆದ್ರೆ ಬರೋದು ಮನುಷ್ಯನ ಹೃದಯ.

ನನ್ನನ್ನ ಹಿಡ್ಕೊಂಡಿದ್ದು ಅದಲ್ಲ, ಅದರ ಮುಂದಿನ ಸೀನು. ಅವ್ನು ಮ್ಯಾನೇಜರ್ ಹ್ವಾನ್ ಹತ್ರ ಹೋಗಿ ಹೇಳ್ತಾನೆ. ಮ್ಯಾನೇಜರ್ ಗಾಬ್ರಿ ಬೀಳಲ್ಲ, ಮುಚ್ಚಾಕೋಕೂ ನೋಡಲ್ಲ. ತಾನೇ ಪೊಲೀಸಿಗೆ ಫೋನ್ ಹಚ್ಚಿ ರಿಸೀವರ್ ಇವ್ನ ಕೈಗೆ ಕೊಡ್ತಾನೆ. ಓಕ್ವೆ ಬಾಯಿಂದ ಒಂದು ಮಾತು ಬರಲ್ಲ, ಯಾಕಂದ್ರೆ ಬಾಯಿ ಬಿಟ್ರೆ ಮೊದ್ಲು ಒಳಗೆ ಹೋಗೋನು ತಾನೇ. ಆಮೇಲೆ ಗೊತ್ತಾಗುತ್ತೆ, ಆ ಹೋಟೆಲಲ್ಲಿ ಕಿಡ್ನಿ ಕೊಟ್ಟೋರಿಗೆ ಪಾಸ್‌ಪೋರ್ಟ್ ಕೊಡೋ ದಂಧೆ ನಡೀತಿದೆ.

ನಾನು ಹಿಂದೆ ಒಂದು ಕಾಫಿ ತೋಟದಲ್ಲಿ ಲೆಕ್ಕ ಬರೆಯೋ ರೈಟರ್ ಆಗಿದ್ದೆ. ಹಣ್ಣು ಕುಯ್ಯೋಕೆ ಅಸ್ಸಾಂನೋರು ಬರ್ತಿದ್ರು, ಕರ್ಕೊಂಡು ಬರ್ತಿದ್ದ ಮೇಸ್ತ್ರಿ ಅವ್ರೆಲ್ಲರ ಆಧಾರ್ ಕಾರ್ಡ್ ಒಟ್ಟು ಮಾಡಿ ರಬ್ಬರ್ ಬ್ಯಾಂಡ್ ಹಾಕಿ, ಗೊಬ್ಬರದ ಕವರಲ್ಲಿ ಸುತ್ತಿ ತನ್ನ ಬ್ಯಾಗಲ್ಲೇ ಇಟ್ಕೊತಿದ್ದ. ಒಂದು ಹುಡುಗನಿಗೆ ಕಸಿ ಮಾಡೋವಾಗ ಕತ್ತಿ ತಾಗಿ ಕೈ ಸೀಳಿತು, ಆಸ್ಪತ್ರೇಲಿ ಚೀಟಿ ಮಾಡ್ಸೋಕೆ ಕಾರ್ಡ್ ಬೇಕು ಅಂದ್ರೂ ಕೊಡ್ಲಿಲ್ಲ, ಮೊಬೈಲಲ್ಲಿ ಫೋಟೋ ಹೊಡ್ದು ನನಗೆ ಕಳಿಸ್ದ. ಬಟವಾಡೆ ದಿನ ಹೆಸ್ರು ಕರ್ದಾಗ ಒಬ್ಬೊಬ್ರೇ ಬಂದು ಹೆಬ್ಬೆಟ್ಟು ಒತ್ತೋರು, ದುಡ್ಡು ಮಾತ್ರ ಮೇಸ್ತ್ರಿ ಕೈಗೆ. ಆ ಹುಡುಗನಿಗೆ ಪೇಪರ್ ಇತ್ತು, ಓಕ್ವೆಗೆ ಇರ್ಲಿಲ್ಲ. ಆದ್ರೆ ಫೋನ್ ಕೈಗೆ ಕೊಟ್ಟು ಯಾರಿಗೆ ಬೇಕಾದ್ರೂ ಮಾಡ್ಕೋ ಅಂದಿದ್ರೆ ಇಬ್ರೂ ಒಂದೇ ಥರ ನಿಂತಿರ್ತಿದ್ರು ಅಂತ ನನಗೆ ಅನ್ಸುತ್ತೆ. ನಿಮಗೇನನ್ಸುತ್ತೆ ಹೇಳಿ.

ಎಡಕುಮೇರಿ ಸುರಂಗ

ಒಳ್ಳೇ ಸಿನಿಮಾ ಎತ್ತಿದ್ದೀರ ಅಣ್ಣ. ಇದನ್ನ ಡೈರೆಕ್ಟ್ ಮಾಡಿದ್ದು ಸ್ಟೀವನ್ ಫ್ರಿಯರ್ಸ್, ಬರ್ದಿದ್ದು ಸ್ಟೀವನ್ ನೈಟ್, ಆ ಬರವಣಿಗೆಗೆ 2004ರ ಆಸ್ಕರಲ್ಲಿ ನಾಮಿನೇಷನ್ನೂ ಸಿಕ್ಕಿತ್ತು. ಈ ನೈಟ್ ಯಾರು ಗೊತ್ತಾ, ಹೂ ವಾಂಟ್ಸ್ ಟು ಬಿ ಎ ಮಿಲಿಯನೇರ್ ಅನ್ನೋ ಕ್ವಿಜ್ ಶೋ ಹುಟ್ಟುಹಾಕಿದ ಮೂವರಲ್ಲಿ ಒಬ್ರು. ಅದೇ ಶೋ ಹಿಂದೀಲಿ ಕೌನ್ ಬನೇಗಾ ಕರೋಡ್‌ಪತಿ ಆಯ್ತು, 2012ರಲ್ಲಿ ನಮ್ಮ ಅಪ್ಪು ಕನ್ನಡದ ಕೋಟ್ಯಧಿಪತಿ ನಡೆಸಿಕೊಟ್ರಲ್ಲ, ಅದರ ಮೂಲಾನೂ ಅದೇ.

ಓಕ್ವೆ ಪಾರ್ಟು ಚಿವೆಟೆಲ್ ಎಜಿಯೊಫೋರ್. ಈತ ಲಂಡನ್ನಲ್ಲೇ ಹುಟ್ಟಿದ್ದು, ಅಪ್ಪ ಅಮ್ಮ ನೈಜೀರಿಯಾದವ್ರು. ಆ ಮನುಷ್ಯನ ಕಣ್ಣು ನೋಡಿ, ಸಿನಿಮಾ ಪೂರ್ತಿ ನಿದ್ದೆ ಇಲ್ದೋನ ಕಣ್ಣು. ಶೆನಾಯ್ ಮಾಡಿರೋದು ಫ್ರೆಂಚ್ ನಟಿ ಓದ್ರೇ ತೋತು, ಅದರ ಹಿಂದಿನ ವರ್ಷ ಅಮೆಲಿ ಮಾಡಿ ಜಗತ್ತಿಗೇ ಗೊತ್ತಾಗಿದ್ಳು. ಮ್ಯಾನೇಜರ್ ಹ್ವಾನ್ ಆಗಿರೋದು ಸ್ಪೇನಿನ ಸೆರ್ಜಿ ಲೋಪೆಜ್. ಗಮನಿಸಿ, ಅವ್ನೂ ಹೊರಗಿಂದ ಬಂದೋನೇ. ಬಿಳಿ ಇಂಗ್ಲಿಷ್ ಸಾಹುಕಾರನ್ನ ವಿಲನ್ ಮಾಡಿ ಕೈ ತೊಳ್ಕೊಂಡಿಲ್ಲ ಇವ್ರು. ತಮ್ಮ ಜನರ ಭಯ ಏನು ಅಂತ ಗೊತ್ತಿರೋನೇ ಆ ಭಯಾನ ಮಾರ್ತಾನೆ. ನಿಮ್ಮ ಮೇಸ್ತ್ರಿ ಕಥೇನೂ ಅದೇ ತಾನೇ, ಅವ್ನೂ ಅದೇ ಊರಿನೋನೇ ಇರ್ಬೇಕು.

ಹ್ಯಾಂಡ್‌ಪೋಸ್ಟ್ ಹುಡುಗ, ಮೂಡಿಗೆರೆ

ಹೌದು, ಅದೇ ಊರಿನ ಕಡೆಯೋನೇ. ಅವ್ನೂ ಮೊದ್ಲು ಹಣ್ಣು ಕುಯ್ಯೋಕೆ ಅಂತ್ಲೇ ಬಂದಿದ್ದನಂತೆ.

ವಾರ್ಡ್ ಸಿಸ್ಟರ್, ಹಾಸನ

ನಾನು ನರ್ಸು, ಡಯಾಲಿಸಿಸ್ ಯೂನಿಟ್ಟಲ್ಲಿ ಕೆಲ್ಸ ಮಾಡಿದೀನಿ, ಹಾಗಾಗಿ ಈ ಸಿನಿಮಾನ ಬೇರೆ ಥರ ನೋಡ್ದೆ. ಹೋಟೆಲ್ ರೂಮಲ್ಲಿ ಕಿಡ್ನಿ ತೆಗೆದು ಐಸ್ ಡಬ್ಬೀಲಿ ಇಟ್ಟು ಕಾರ್ ಪಾರ್ಕಿಂಗಲ್ಲಿ ಕೊಟ್ಬಿಟ್ರೆ ಕೆಲ್ಸ ಮುಗಿಯಲ್ಲ. ಬ್ಲಡ್ ಗ್ರೂಪ್ ಹೊಂದ್ಬೇಕು, ಟಿಶ್ಯೂ ಟೈಪಿಂಗ್ ಮಾಡ್ಬೇಕು, ಕ್ರಾಸ್ ಮ್ಯಾಚ್ ನೆಗೆಟಿವ್ ಬರ್ಬೇಕು, ಹಾಕಿಸ್ಕೊಂಡೋರು ಆ ಕಿಡ್ನಿ ಇರೋವರ್ಗೂ ದಿನಾ ಮಾತ್ರೆ ತಗೋಬೇಕು. ಅಂದ್ರೆ ಲ್ಯಾಬು, ಆಪರೇಷನ್ ಥಿಯೇಟರು, ಓದಿರೋ ಡಾಕ್ಟ್ರು ಯಾರೂ ಇಲ್ದೇ ಈ ದಂಧೆ ನಡಿಯೋದಿಲ್ಲ. 2008ರಲ್ಲಿ ಗುರುಗಾಂವಲ್ಲಿ ಸಿಕ್ಕಿಬಿತ್ತಲ್ಲ ದೊಡ್ಡ ಕಿಡ್ನಿ ಜಾಲ, ಅಲ್ಲಿ ಕೂಲಿ ಮಾಡೋರನ್ನ ಕೆಲ್ಸ ಕೊಡ್ತೀವಿ ಅಂತ ಕರ್ಕೊಂಡು ಹೋಗಿ ಕಿಡ್ನಿ ತೆಗೀತಿದ್ರು.

ಆದ್ರೆ ಸಿನಿಮಾ ಒಂದು ವಿಷ್ಯದಲ್ಲಿ ನೂರಕ್ಕೆ ನೂರು ಸರಿ ಇದೆ. ಆ ಸೊಮಾಲಿಯಾದ ಮನುಷ್ಯ ಕಿಡ್ನಿ ಕೊಟ್ಟು ಬಂದು ಮಲ್ಗಿರ್ತಾನೆ, ಹೊಲಿಗೆ ಹಾಕಿದ ಜಾಗ ಕೀವಾಗಿರುತ್ತೆ, ಓಕ್ವೆ ಅವ್ನನ್ನ ಆಸ್ಪತ್ರೆಗೆ ಕಳ್ಸೋ ಹಾಗಿಲ್ಲ, ಅವ್ರ ಮನೆ ಪುಟ್ಟ ಹುಡುಗಿ ಮಧ್ಯ ನಿಂತು ಇವ್ರ ಮಾತು ಅವ್ರಿಗೆ ಅವ್ರ ಮಾತು ಇವ್ರಿಗೆ ಹೇಳ್ತಿರುತ್ತೆ. ಕೊಟ್ಟೋರಿಗೆ ಆಮೇಲೆ ಏನಾಗುತ್ತೆ ಅಂತ ಯಾರೂ ಕೇಳಲ್ಲ. ಅದೇ 2002ರಲ್ಲಿ ಜಾಮಾ ಅನ್ನೋ ಅಮೆರಿಕದ ವೈದ್ಯಕೀಯ ಪತ್ರಿಕೇಲಿ ಚೆನ್ನೈನ ಒಂದು ಅಧ್ಯಯನ ಬಂದಿತ್ತು, ಕಿಡ್ನಿ ಮಾರಿದ 305 ಜನರನ್ನ ಮಾತಾಡ್ಸಿದ್ರು. 96% ಜನ ಸಾಲ ತೀರ್ಸೋಕೆ ಅಂತ ಮಾರಿದ್ರು, ಅವ್ರಲ್ಲಿ ಮುಕ್ಕಾಲು ಭಾಗದಷ್ಟು ಜನಕ್ಕೆ ಆಮೇಲೂ ಸಾಲ ಹಂಗೇ ಇತ್ತು, ಮನೆ ಆದಾಯ ಮೂರನೇ ಒಂದು ಭಾಗ ಬಿದ್ದುಹೋಗಿತ್ತು, ಹೆಚ್ಚಿನವ್ರು ಆರೋಗ್ಯ ಕೆಟ್ಟಿದೆ ಅಂದಿದ್ರು. ಭಾರ ಎತ್ತಿ ದುಡಿಯೋ ದೇಹ ಅದು, ಸೊಂಟದಲ್ಲಿ ನೋವು ಅಂದ್ರೆ ಕೂಲಿ ಹೋಯ್ತು.

ಇನ್ನೊಂದು ಕಡೆ ನನ್ನ ಪೇಷಂಟುಗಳು. ವಾರಕ್ಕೆ ಎರಡು ಮೂರು ಸಲ ನಾಲ್ಕು ನಾಲ್ಕು ಗಂಟೆ ಮಷೀನಿಗೆ ಅಂಟ್ಕೊಂಡು ಮಲ್ಗೋದು, ಬೇಲೂರು, ಅರಕಲಗೂಡಿನ ಹಳ್ಳಿಗಳಿಂದ ಬೆಳಗ್ಗೆ ಮೊದ್ಲನೇ ಬಸ್ಸಿಗೆ ಬರೋದು. ಅವ್ರ ಸಂಕಟಾನೂ ಸುಳ್ಳಲ್ಲ. ಅದಕ್ಕೇ ಹೇಳ್ತೀನಿ, ಮೆದುಳು ನಿಷ್ಕ್ರಿಯ ಆದೋರ ಅಂಗದಾನ ಜಾಸ್ತಿ ಆಗ್ಬೇಕು. ನಮ್ಮ ರಾಜ್ಯದಲ್ಲಿ ಜೀವಸಾರ್ಥಕತೆ ಅಂತ ಸರ್ಕಾರಿ ವ್ಯವಸ್ಥೆ ಇದೆ, ಅಲ್ಲಿ ಹೆಸ್ರು ನೋಂದಾಯಿಸಿ. ಸರತಿ ಪ್ರಕಾರ ಕಿಡ್ನಿ ಸಿಗೋ ಹಾಗಾದ್ರೆ ಈ ಹ್ವಾನ್‌ಗಳ ಹತ್ರ ಯಾರೂ ಹೋಗಲ್ಲ.

ರೋಬಸ್ಟಾ ಗೌಡ

ಸಿನಿಮಾ ನೋಡಿಲ್ಲ, ಆದ್ರೂ ಒಂದು ಮಾತು ಹೇಳ್ಲೇಬೇಕು. ಕಿಡ್ನಿ ಕದಿಯೋರನ್ನೂ ತೋಟ ಮಾಡೋರನ್ನೂ ಒಂದೇ ತಕ್ಕಡೀಲಿ ಹಾಕಿದ್ರೆ ಹೆಂಗೆ ಸ್ವಾಮಿ. ನಮ್ದು ಹದಿನೆಂಟು ಎಕ್ರೆ. ಡಿಸೆಂಬರಿಂದ ಅರೇಬಿಕಾ, ಅದು ಮುಗಿಯೋ ಹೊತ್ತಿಗೆ ರೋಬಸ್ಟಾ, ಹಣ್ಣು ಗಿಡದಲ್ಲೇ ಒಣಗಿ ಉದುರ್ತಾ ಇದ್ರೆ ಊರಿನ ಆಳು ಒಬ್ರೂ ಸಿಗಲ್ಲ, ಹುಡುಗ್ರೆಲ್ಲಾ ಬೆಂಗಳೂರು ಸೇರಿದಾರೆ. ಅಸ್ಸಾಂನೋರು ಬರ್ದೇ ಇದ್ರೆ ನಾವು ತೋಟ ಬಿಟ್ಟು ಹೋಗ್ಬೇಕು. ಕೆಜಿ ಲೆಕ್ಕದಲ್ಲಿ ದುಡ್ಡು, ಮನೆ, ಸೌದೆ, ಕರೆಂಟು ಎಲ್ಲಾ ಕೊಡ್ತೀವಿ. ಬರೋಕೆ ಮುಂಚೆ ಅಡ್ವಾನ್ಸ್ ಕೇಳ್ತಾರೆ, ಲಕ್ಷಗಟ್ಲೆ ಕೊಟ್ಟಿರ್ತೀವಿ, ರಾತ್ರೋರಾತ್ರಿ ಗ್ಯಾಂಗಿಗೆ ಗ್ಯಾಂಗೇ ಇನ್ನೊಂದು ತೋಟಕ್ಕೆ ಹೋಗಿರುತ್ತೆ. ಆ ದುಡ್ಡಿಗೆ ಯಾರು ಹೊಣೆ? ಕಾರ್ಡ್ ಇಟ್ಕೊಳೋದು ತಪ್ಪೇ, ಒಪ್ತೀನಿ, ಆದ್ರೆ ಅದು ಹುಟ್ಟಿದ್ದು ಹಿಂಗೆ.

ನ್ಯಾಯಾಲಯ ರಸ್ತೆ, ಹಾಸನ

ಗೌಡ್ರೇ, ನಿಮ್ಮ ಕಷ್ಟ ಗೊತ್ತು, ನಮ್ಮಪ್ಪನೂ ಸಣ್ಣ ಬೆಳೆಗಾರ್ರೇ. ಆದ್ರೆ ಕಾನೂನು ಇಲ್ಲಿ ಬಹಳ ಖಡಕ್ಕಾಗಿದೆ, ವಕೀಲನಾಗಿ ಹೇಳ್ತಿದೀನಿ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಪ್ರಕಾರ ಜೀತದ ಸಾಲ ಅಂತ ಕೊಟ್ಟ ದುಡ್ಡು ಸಾಲಾನೇ ಅಲ್ಲ, ವಸೂಲಿ ಮಾಡೋಕೆ ಕೋರ್ಟಿಗೂ ಹೋಗಂಗಿಲ್ಲ. ಮುಂಗಡ ಕೊಟ್ಟಿದೀನಿ ಅಂತ ಒಬ್ಬ ಮನುಷ್ಯನ್ನ ಬೇರೆ ಕಡೆ ಕೆಲ್ಸಕ್ಕೆ ಹೋಗದೇ ಇರೋ ಹಾಗೆ, ಊರಿಗೆ ಹೋಗದೇ ಇರೋ ಹಾಗೆ ಕಟ್ಟಿಹಾಕಿದ್ರೆ ಅದು ಜೀತ. ಕಾಲಿಗೆ ಸರಪಳಿ ಇರ್ಬೇಕು ಅಂತೇನಿಲ್ಲ. 1982ರಲ್ಲಿ ದಿಲ್ಲಿ ಏಷ್ಯಾಡ್, ಅಂದ್ರೆ ಏಷ್ಯನ್ ಗೇಮ್ಸ್ ಕಾಮಗಾರಿ ಕೇಸಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಗಿ, ಹಸಿವಿಗೆ ಬಿದ್ದು ಕನಿಷ್ಠ ಕೂಲಿಗಿಂತ ಕಮ್ಮಿಗೆ ದುಡಿಯೋದೂ ಸಂವಿಧಾನದ 23ನೇ ವಿಧಿಯ ಪ್ರಕಾರ ಬಲವಂತದ ದುಡಿಮೇನೇ ಅಂತ ಹೇಳ್ತು.

ಇದೆಲ್ಲಾ ದೂರದ ವಿಷ್ಯ ಅನ್ಕೋಬೇಡಿ. 2018ರ ಡಿಸೆಂಬರಲ್ಲಿ ನಮ್ಮ ಹಾಸನದ ಹತ್ರಾನೇ ಒಂದು ಶೆಡ್ಡಿಂದ 52 ಜನರನ್ನ ಬಿಡಿಸಿದ್ರು, ಹೆಂಗಸರೂ ಮಕ್ಕಳೂ ಇದ್ರು. ಕೆಲ್ಸ ಕೊಡ್ತೀವಿ ಅಂತ ಕರ್ಕೊಂಡು ಬಂದು ಕೂಡಿಹಾಕಿದ್ದು. ಒಬ್ಬ ಗೋಡೆ ಹಾರಿ ತಪ್ಪಿಸ್ಕೊಂಡು ಹೋಗಿ ಹೇಳಿದ್ದಕ್ಕೆ ಹೊರಗೆ ಬಂತು. ಅವ್ರ್ಯಾರೂ ವಿದೇಶದೋರಲ್ಲ. ಜಿಲ್ಲಾ ಕೇಂದ್ರದ ಪಕ್ಕದಲ್ಲಿ ಇಷ್ಟು ಜನ ಒಳಗೇ ಇದ್ರು ಅನ್ನೋದು ನನಗೆ ಇವತ್ತಿಗೂ ತಡ್ಕೊಳೋಕಾಗಲ್ಲ.

ಇನ್ನು ಅಂಗಾಂಗ ವಿಷ್ಯ. 1994ರ ಕಾಯ್ದೆ ಬಂದ್ಮೇಲೆ ದುಡ್ಡಿಗೆ ಅಂಗ ಮಾರೋದು ಕೊಳ್ಳೋದು ಎರಡೂ ಅಪರಾಧ, 2011ರ ತಿದ್ದುಪಡೀಲಿ ಶಿಕ್ಷೆ ಹತ್ತು ವರ್ಷದವರ್ಗೂ ದಂಡ ಒಂದು ಕೋಟಿವರ್ಗೂ ಏರಿಸಿದ್ರು. ಹತ್ತಿರದ ಸಂಬಂಧಿಕರಲ್ದೋರು ಕೊಡ್ಬೇಕಂದ್ರೆ ಅಧಿಕೃತ ಸಮಿತಿ ಮುಂದೆ ಹಾಜರಾಗಿ, ಪ್ರೀತಿ ವಿಶ್ವಾಸಕ್ಕೆ ಕೊಡ್ತಿರೋದು, ದುಡ್ಡಿಗಲ್ಲ ಅಂತ ಒಪ್ಪಿಸ್ಬೇಕು. ಅದಕ್ಕಿಂತ ಮುಖ್ಯ ಇನ್ನೊಂದಿದೆ. ಮಾನವ ಕಳ್ಳಸಾಗಣೆ ಕಲಮು, ಮೊದ್ಲು ಐಪಿಸಿ 370, ಈಗ ಅದರ ಜಾಗಕ್ಕೆ ಬಂದಿರೋ ಹೊಸ ಕಾನೂನು ಬಿಎನ್‌ಎಸ್ 143, ಅದರಲ್ಲಿ ಬಲವಂತದ ಅಂಗ ತೆಗೆಯೋದೂ ಸೇರಿದೆ, ಜೊತೆಗೆ ಬಲಿಯಾದೋರು ಒಪ್ಪಿದ್ರಾ ಇಲ್ವಾ ಅನ್ನೋದು ಲೆಕ್ಕಕ್ಕೇ ಬರಲ್ಲ ಅಂತ ಸ್ಪಷ್ಟವಾಗಿ ಬರ್ದಿದಾರೆ. ಸಿನಿಮಾದಲ್ಲಿ ಹ್ವಾನ್ ಪದೇ ಪದೇ ಅದನ್ನೇ ತಾನೇ ಹೇಳೋದು, ಎಲ್ರೂ ಒಪ್ಪೇ ಬಂದಿದಾರೆ, ಎಲ್ರಿಗೂ ಲಾಭ ಅಂತ. ಆ ವಾದ ನಮ್ಮ ಕೋರ್ಟಲ್ಲಿ ನಿಲ್ಲಲ್ಲ.

ಗೊರೂರು ನೀರು

ವಕೀಲ್ರು ಹೇಳಿದ ಆ ಒಪ್ಪಿಗೆ ಮಾತು ಓದಿ ಶೆನಾಯ್ ನೆನಪಾದ್ಳು. ಈ ಚರ್ಚೇಲಿ ಅವಳ ಬಗ್ಗೆ ಯಾರೂ ಸರಿಯಾಗಿ ಮಾತೇ ಆಡಿಲ್ಲ, ಎಲ್ಲಾ ಓಕ್ವೆ ಓಕ್ವೆ ಅಂತಿದೀರ.

ಇಮಿಗ್ರೇಷನ್ನೋರು ಹುಡುಕ್ಕೊಂಡು ಬಂದ್ಮೇಲೆ ಅವಳು ಹೋಟೆಲ್ ಬಿಟ್ಟು ಒಂದು ಬಟ್ಟೆ ಹೊಲಿಯೋ ಜಾಗಕ್ಕೆ ಸೇರ್ಕೊತಾಳೆ. ಅಲ್ಲಿ ಓನರ್ರು, ಇಮಿಗ್ರೇಷನ್ನೋರಿಗೆ ಹೇಳ್ಬಿಡ್ತೀನಿ ಅಂತ ಹೆದರಿಸಿ ಅವಳ ಮೈ ಕೇಳ್ತಾನೆ. ಒಂದಿನ ಅಲ್ಲ, ಅವ್ನಿಗೆ ಬೇಕನ್ಸಿದಾಗೆಲ್ಲಾ. ಕೊನೆಗೆ ಅವಳು ಕಚ್ಚಿ ಓಡಿಹೋಗ್ತಾಳೆ. ನಾನು ಗಾರ್ಮೆಂಟ್ಸಲ್ಲಿ ಟೈಲರ್ ಆಗಿದ್ದೋಳು, ಎಲ್ಲಿ ಅಂತ ಹೇಳಲ್ಲ. ಸೂಪರ್‌ವೈಸರ್ ಹಿಂದೆ ಬಂದು ನಿಂತಾಗ ಮಷೀನ್ ಪೆಡಲ್ ಮೇಲಿರೋ ಕಾಲು ತನ್ನಷ್ಟಕ್ಕೆ ನಿಂತುಹೋಗುತ್ತೆ, ಟಾರ್ಗೆಟ್ ಮಿಸ್ ಆಗುತ್ತೆ, ಆಮೇಲೆ ಅದೇ ನೆಪದಲ್ಲಿ ಒಳಗೆ ಕರೀತಾರೆ. ಹೊರರಾಜ್ಯದಿಂದ ಬಂದು ಹಾಸ್ಟೆಲಲ್ಲಿ ಇರೋ ಹುಡುಗೀರಿಗೆ ಇನ್ನೂ ಜಾಸ್ತಿ, ನಮ್ಮಂಥೋರಿಗೆ ಸಂಜೆ ಮನೆಗೆ ಹೋದ್ರೆ ಹೇಳ್ಕೊಳೋಕೆ ಅಮ್ಮನೋ ಅಕ್ಕನೋ ಇರ್ತಾರೆ.

ಆಮೇಲೆ ಕಿಡ್ನಿ ಕೊಡ್ತೀನಿ ಅಂತ ಒಪ್ಪಿಕೊಂಡಾಗ್ಲೂ ಹ್ವಾನ್ ಅವಳ ಕನ್ಯತ್ವಾನೂ ಕಿತ್ಕೊತಾನೆ, ಪಾಸ್‌ಪೋರ್ಟ್ ಬೇಕಾ ಬೇಡ್ವಾ ಅಂತ. ಒಪ್ಪಿಗೆ ಅಂತ ಅದಕ್ಕೆ ಹೇಳ್ತಾರಾ? ಕೆಲ್ಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯೋ 2013ರ ಕಾಯ್ದೆ ಪ್ರಕಾರ ಹತ್ತು ಜನಕ್ಕಿಂತ ಕಮ್ಮಿ ಇರೋ ಕಡೆ ಕೆಲ್ಸ ಮಾಡೋರು, ಮನೆಕೆಲಸದೋರು, ಓನರ್ ಮೇಲೇ ದೂರು ಇರೋರು ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಕೊಡ್ಬಹುದು. ತೋಟದ ಲೈನಲ್ಲಿರೋ ಎಷ್ಟು ಹೆಂಗಸರಿಗೆ ಇದು ಗೊತ್ತು? ಯಾರಾದ್ರೂ ಲೈನಿಗೆ ಹೋಗಿ ಹೇಳಿದೀರಾ?

ಭದ್ರಾ ತೀರ

ನೇರವಾಗಿ ಕೇಳ್ತೀನಿ, ಬೈಯ್ಬೇಡಿ. ಪೇಪರ್ ಇಲ್ದೇ ಇನ್ನೊಂದು ದೇಶಕ್ಕೆ ನುಗ್ಗೋದೇ ತಪ್ಪಲ್ವಾ? ಕಾನೂನು ಮುರಿದೋರಿಗೆ ಆಮೇಲೆ ಕಷ್ಟ ಬಂತು ಅಂತ ಮರುಗೋದಾ? ನಮ್ಮ ಜಿಲ್ಲೇಲೂ ಅಸ್ಸಾಂ ಹೆಸ್ರಲ್ಲಿ ಎಲ್ಲೆಲ್ಲಿಂದನೋ ಬರ್ತಿದಾರೆ ಅಂತ ಜನ ಹೇಳ್ತಾರೆ, ಪೊಲೀಸ್ರು ತೋಟಕ್ಕೆ ಬಂದು ದಾಖಲೆ ಕೇಳೋದು ಸುಮ್ನೆ ಅಲ್ಲ.

ಹ್ಯಾಂಡ್‌ಪೋಸ್ಟ್ ಹುಡುಗ, ಮೂಡಿಗೆರೆ

ಬೈಯೋದೇನಿಲ್ಲ ಅಣ್ಣ, ಕೇಳ್ಬೇಕಾದ ಪ್ರಶ್ನೇನೇ. ಗಡಿ ದಾಟಿ ಬಂದೋರನ್ನ ಏನು ಮಾಡ್ಬೇಕು ಅನ್ನೋದು ಸರ್ಕಾರದ ಕೆಲ್ಸ, ಮಾಡ್ಲಿ. ಆದ್ರೆ ಅವ್ರಿಗೆ ಕೂಲಿ ಕೊಡ್ದೇ ಇರೋದು, ಕೈ ಹಾಕೋದು, ಕಿಡ್ನಿ ತೆಗೆಯೋದು ಮಾಡಿದೋನನ್ನ ಹಿಡಿಯೋಕೆ ಅವ್ರೇ ಬಾಯಿ ಬಿಡ್ಬೇಕಲ್ವಾ? ಬಾಯಿ ಬಿಟ್ರೆ ಮೊದ್ಲು ನಿನ್ನನ್ನೇ ಗಡೀಪಾರು ಅಂದ್ರೆ ಹ್ವಾನ್‌ಗೆ ರಕ್ಷಣೆ ಕೊಟ್ಟ ಹಾಗಾಯ್ತು.

ಎರಡನೇದು, ನಾನು ಕಂಡ ಆ ಗ್ಯಾಂಗಲ್ಲಿ ಹೆಚ್ಚಿನವ್ರು ಟೀ ತೋಟದ ಆದಿವಾಸಿಗಳು, ಮನೇಲಿ ಸಾದ್ರಿ ಮಾತಾಡ್ತಾರೆ. ಅವ್ರ ಹಿರೀಕರನ್ನ ಬ್ರಿಟಿಷರ ಕಾಲದಲ್ಲಿ ಛೋಟಾನಾಗಪುರದ ಕಡೆಯಿಂದ ಅಸ್ಸಾಮಿನ ಟೀ ತೋಟಕ್ಕೆ ಸಾಗಿಸಿದ್ರು. ಈಗ ಮೊಮ್ಮಕ್ಕಳು ಕಾಫಿ ತೋಟಕ್ಕೆ. ಇನ್ನು ಕೆಲವ್ರು ಬಂಗಾಳಿ ಮಾತಾಡೋ ಮುಸ್ಲಿಮರು. ಅಸ್ಸಾಮಿನ ಎನ್‌ಆರ್‌ಸಿ, ಅಂದ್ರೆ ಯಾರ್ಯಾರು ಭಾರತದ ಪೌರರು ಅನ್ನೋ ಪಟ್ಟಿ, 2019ರ ಆಗಸ್ಟ್ 31ಕ್ಕೆ ಬಂತಲ್ಲ, 19 ಲಕ್ಷಕ್ಕಿಂತ ಜಾಸ್ತಿ ಜನರ ಹೆಸ್ರು ಬಿಟ್ಟುಹೋಗಿತ್ತು, ಒಂದೇ ಮನೇಲಿ ಅಣ್ಣನ ಹೆಸ್ರಿದೆ ತಮ್ಮನದಿಲ್ಲ ಅನ್ನೋ ಹಾಗೆ. ಮೇಸ್ತ್ರಿಗೆ ಅದೇ ಅಸ್ತ್ರ. ಕೂಲಿ ಲೆಕ್ಕ ಕೇಳಿದೋನಿಗೆ ಅವ್ನು ಹೇಳ್ತಿದ್ದಿದ್ದು ಒಂದೇ, ಸ್ಟೇಷನ್ನಿಗೆ ಹೋಗಿ ಬಾಂಗ್ಲಾದೇಶದೋನು ಅಂತ ಹೇಳ್ಬಿಡ್ತೀನಿ ನೋಡು ಅಂತ. ಅವ್ನು ಭಾರತೀಯನೇ ಆಗಿದ್ರೂ ಆ ಮಾತಿಗೆ ಸುಮ್ಮನಾಗ್ತಿದ್ದ.

ಆಲೂರು ಹುಡುಗಿ, ಈಗ ಲೆಸ್ಟರ್

ನಾನು ಇಲ್ಲೇ ಇಂಗ್ಲೆಂಡಲ್ಲಿ ಇದೀನಿ, ಕೇರ್ ಹೋಮಲ್ಲಿ ಕೆಲ್ಸ. ಈ ಸಿನಿಮಾ ಬಂದು ಇಪ್ಪತ್ತು ವರ್ಷದ ಮೇಲಾಯ್ತು, ಈಗ ಸರಿ ಹೋಗಿರ್ಬಹುದು ಅಂತ ಅನ್ಕೊಂಡಿದ್ರೆ ಕೇಳಿ.

ಆಶ್ರಯ ಕೇಳಿದೋರು ಆರು ತಿಂಗಳು ಕಾದ್ಮೇಲೆ ಕೆಲ್ಸಕ್ಕೆ ಅನುಮತಿ ಕೇಳ್ಬಹುದಾಗಿತ್ತು ಮೊದ್ಲು, ಅದನ್ನ 2002ರ ಜುಲೈಲಿ, ಅಂದ್ರೆ ಈ ಸಿನಿಮಾ ಬಂದ ವರ್ಷಾನೇ, ತೆಗೆದುಹಾಕಿದ್ರು. ಈಗ ಒಂದು ವರ್ಷ ಕಾದ್ಮೇಲೆ ಅರ್ಜಿ ಹಾಕ್ಬಹುದು, ಅದೂ ಸರ್ಕಾರ ಹೇಳಿದ ಪಟ್ಟೀಲಿರೋ ಕೆಲ್ಸಗಳಿಗೆ ಮಾತ್ರ. ಅಲ್ಲಿವರ್ಗೂ ವಾರಕ್ಕೆ ಐವತ್ತು ಪೌಂಡಿಗಿಂತ ಕಮ್ಮಿ ಭತ್ಯೆ. ಆಗ ಯಾರೋ ಒಬ್ಬ ಬಂದು ಕ್ಯಾಶ್ ಕೊಡ್ತೀನಿ, ಪೇಪರ್ ಬೇಡ ಅಂದ್ರೆ ಹೋಗ್ದೇ ಇರ್ತಾರಾ?

2004ರ ಫೆಬ್ರವರಿ 5ರ ರಾತ್ರಿ ಮೋರ್‌ಕಾಮ್ ಬೇ ಅನ್ನೋ ಕಡಲತೀರದಲ್ಲಿ ಕಪ್ಪೆಚಿಪ್ಪು ಆರಿಸ್ತಿದ್ದ ಚೀನಾದ ಕೂಲಿಯೋರು ಉಬ್ಬರಕ್ಕೆ ಸಿಕ್ಕಿ ಕನಿಷ್ಠ 21 ಜನ ತೀರ್ಕೊಂಡ್ರು. ಹೆಚ್ಚಿನವ್ರು ಪೇಪರ್ ಇಲ್ದೋರು, ನಿಮ್ಮ ಮೇಸ್ತ್ರಿ ಥರದ ಒಬ್ಬ ಗ್ಯಾಂಗ್‌ಮಾಸ್ಟರ್ ಕೆಳಗೆ ದುಡಿಯೋರು. ಆ ಜಾಗದ ನೀರು ಹೆಂಗೆ ಏರುತ್ತೆ ಅಂತ ಅವ್ರಿಗೆ ಹೇಳೋರಿಲ್ಲ, ಅಪಾಯದ ಬೋರ್ಡು ಓದೋಕೆ ಭಾಷೆ ಇಲ್ಲ. ಅದಾದ್ಮೇಲೆ ಅದೇ ವರ್ಷ ಗ್ಯಾಂಗ್‌ಮಾಸ್ಟರ್‌ಗಳಿಗೆ ಲೈಸೆನ್ಸ್ ಕಡ್ಡಾಯ ಮಾಡೋ ಕಾಯ್ದೆ ತಂದ್ರು, 2015ರಲ್ಲಿ ಮಾಡರ್ನ್ ಸ್ಲೇವರಿ ಆಕ್ಟ್. ಅಷ್ಟಾದ್ರೂ 2019ರ ಅಕ್ಟೋಬರಲ್ಲಿ ಎಸೆಕ್ಸಲ್ಲಿ ಒಂದು ಲಾರಿ ಕಂಟೇನರಲ್ಲಿ ವಿಯೆಟ್ನಾಮಿನ 39 ಜನ ಉಸಿರು ಕಟ್ಟಿ ಹೋಗಿದ್ರು.

ಈಗ ಪೇಪರ್ ಇರೋರ ಕಥೆ. 2022ರಲ್ಲಿ ಕೇರ್ ವರ್ಕರ್‌ಗಳಿಗೆ ವೀಸಾ ತೆರೆದ್ರು, ನಮ್ಮ ದೇಶದಿಂದ ಸಾವಿರಾರು ಜನ ಬಂದ್ವಿ. ವೀಸಾ ಕಂಪನಿಗೆ ಕಟ್ಟಿರುತ್ತೆ, ಕಂಪನಿ ಲೈಸೆನ್ಸ್ ಹೋದ್ರೆ ಅಥ್ವಾ ಕೆಲ್ಸ ಹೋದ್ರೆ 60 ದಿನದೊಳಗೆ ಇನ್ನೊಬ್ಬ ಸ್ಪಾನ್ಸರ್ ಹುಡುಕ್ಬೇಕು, ಇಲ್ಲಾಂದ್ರೆ ದೇಶ ಬಿಡ್ಬೇಕು. ನನ್ನ ಜೊತೆ ರೂಮಲ್ಲಿದ್ದ ಕೇರಳದ ಅಕ್ಕ ಏಜೆಂಟಿಗೆ ಮನೆ ಅಡ ಇಟ್ಟು ದುಡ್ಡು ಕಟ್ಟಿ ಬಂದಿದ್ರು. ಬಂದ್ಮೇಲೆ ಕಂಪನೀಲಿ ವಾರಕ್ಕೆ ಎರಡೇ ಶಿಫ್ಟು. ದೂರು ಕೊಡೋಣ ಅಕ್ಕ ಅಂದೆ. ಅವ್ರು ಅಂದಿದ್ದು, ಕೊಟ್ರೆ ಕಂಪನಿ ಲೈಸೆನ್ಸ್ ಹೋಗುತ್ತೆ ಮೋಳೆ (ಮಗಳೇ), ಕಂಪನಿ ಜೊತೆ ನಾನೂ ಹೋಗ್ತೀನಿ. 2025ರ ಜುಲೈಯಿಂದ ಹೊರಗಿಂದ ಹೊಸದಾಗಿ ಕೇರ್ ವರ್ಕರ್ ಕರ್ಸೋದನ್ನೇ ನಿಲ್ಲಿಸಿದಾರೆ. ಭದ್ರಾ ತೀರ ಅಣ್ಣ, ನೀವು ಕೇಳಿದ ಪ್ರಶ್ನೆಗೆ ಆ ಅಕ್ಕನೇ ಉತ್ತರ. ಅವ್ರು ಒಂದು ಕಾನೂನೂ ಮುರಿದಿರ್ಲಿಲ್ಲ.

ಭದ್ರಾ ತೀರ

ಸರಿ ತಂಗಿ. ಪೇಪರ್ ಇದ್ದೂ ಹಿಂಗಾಗುತ್ತೆ ಅನ್ನೋದು ಯೋಚನೆ ಮಾಡ್ಬೇಕಾದ ವಿಷ್ಯ. ಗಡಿ ವಿಷ್ಯದಲ್ಲಿ ನನ್ನ ಅಭಿಪ್ರಾಯ ಹಂಗೇ ಇದೆ, ಆದ್ರೆ ದೂರು ಕೊಟ್ಟೋನನ್ನೇ ಮೊದ್ಲು ಹಿಡಿಯೋದು ಸರಿಯಲ್ಲ ಅಂತ ಒಪ್ತೀನಿ.

ಕಳಸ ಮಳೆ

ನಮ್ಮ ದೊಡ್ಡಮ್ಮನ ಮಗಳು ಕುವೈತಿಗೆ ಮನೆಕೆಲ್ಸಕ್ಕೆ ಹೋಗಿದ್ದಾಗ ಪಾಸ್‌ಪೋರ್ಟ್ ಮನೆ ಯಜಮಾನಿ ಬೀರುವಲ್ಲಿ. ವಾಪಸ್ ಬರೋಕೆ ಪಟ್ಟ ಪಾಡು ದೇವ್ರಿಗೇ ಪ್ರೀತಿ. ಗಲ್ಫಿಗೆ ಹೋಗೋರು ಇದ್ರೆ ಟೂರಿಸ್ಟ್ ವೀಸಾದಲ್ಲಿ ಖಂಡಿತ ಹೋಗ್ಬೇಡಿ. ಎಸ್ಸೆಸ್ಸೆಲ್ಸಿ ಆಗ್ದೇ ಇರೋರಿಗೆ ಪಾಸ್‌ಪೋರ್ಟಲ್ಲಿ ಇಸಿಆರ್ ಅಂತ ಇರುತ್ತೆ, ಅವ್ರು ಕೆಲ್ಸಕ್ಕೆ ಹೋಗೋ ಮುಂಚೆ ಇ-ಮೈಗ್ರೇಟ್ ಅನ್ನೋ ಸರ್ಕಾರಿ ವೆಬ್‌ಸೈಟ್ ಮೂಲಕ ಕ್ಲಿಯರೆನ್ಸ್ ತಗೊಳ್ಳೇಬೇಕು, ಏಜೆಂಟ್ ನೋಂದಣಿ ಆಗಿದಾನಾ ಅಂತಾನೂ ಅಲ್ಲೇ ನೋಡ್ಬಹುದು. ಏಜೆಂಟ್ ಇದೆಲ್ಲಾ ಬೇಡ ಅಂದ ಅಂದ್ರೆ ಅಲ್ಲೇ ಅರ್ಥ ಮಾಡ್ಕೊಳಿ.

ಎಡಕುಮೇರಿ ಸುರಂಗ

ಕ್ಲೈಮ್ಯಾಕ್ಸ್ ಬಗ್ಗೆ ಯಾರೂ ಹೇಳ್ಲಿಲ್ಲ. ಶೆನಾಯ್ ಪ್ರಾಣ ಹೋಗ್ಬಾರ್ದು ಅಂತ ಓಕ್ವೆ ತಾನೇ ಆಪರೇಷನ್ ಮಾಡ್ತೀನಿ ಅಂತ ಒಪ್ಕೊತಾನೆ, ಕೊನೆ ಗಳಿಗೇಲಿ ಹ್ವಾನ್‌ಗೇ ಮತ್ತು ಬರ್ಸಿ ಅವ್ನ ಕಿಡ್ನೀನೇ ತೆಗೆದು ಕೊಳ್ಳೋಕೆ ಬಂದೋನಿಗೆ ಕೊಟ್ಬಿಡ್ತಾನೆ. ನನಗೆ ಮೈ ಜುಂ ಅಂತು. ಅಲ್ಲಿ ಕೊಳ್ಳೋಕೆ ಬಂದೋನು ನಿಮ್ಮನ್ನೆಲ್ಲಾ ನಾನ್ಯಾಕೆ ಮುಂಚೆ ನೋಡೇ ಇಲ್ಲ ಅಂದಾಗ ಓಕ್ವೆ ಕೊಡೋ ಉತ್ತರ ಇದೆಯಲ್ಲ, ಇಡೀ ಸಿನಿಮಾ ಅಲ್ಲಿದೆ. ಇಲ್ಲಿ ಬರೆಯಲ್ಲ, ನೋಡಿದಾಗ್ಲೇ ಕೇಳ್ಬೇಕು ಅದನ್ನ.

ವಾರ್ಡ್ ಸಿಸ್ಟರ್, ಹಾಸನ

ನನಗೆ ಆ ಸೀನು ಒಪ್ಪಿಗೆ ಆಗಲ್ಲ. ಥ್ರಿಲ್ಲರ್ ಅಂದ್ಮೇಲೆ ವಿಲನ್‌ಗೆ ಶಾಸ್ತಿ ಆಗ್ಬೇಕು ಅಂತ ಜನಕ್ಕಿರುತ್ತೆ, ಸರಿ. ಆದ್ರೆ ಅವ್ನು ಡಾಕ್ಟ್ರು. ಪೂರ್ತಿ ಸಿನಿಮಾ ಇದೊಂದನ್ನ ಮಾತ್ರ ಮಾಡಲ್ಲ ಅಂತ ತಡ್ಕೊಂಡಿದ್ದೋನ ಕೈಲಿ ಕೊನೆಗೆ ಅದನ್ನೇ ಮಾಡ್ಸಿದ್ರು. ಹ್ವಾನ್ ಎಂಥಾ ನೀಚನಾದ್ರೂ ಪ್ರಜ್ಞೆ ತಪ್ಪಿ ಟೇಬಲ್ ಮೇಲೆ ಮಲ್ಗಿದ್ಮೇಲೆ ಅವ್ನು ಪೇಷಂಟೇ.

ಗೊರೂರು ನೀರು

ಸಿಸ್ಟರ್, ನಿಮ್ಮ ಮಾತು ಗೌರವಿಸ್ತೀನಿ, ಆದ್ರೆ ಒಪ್ಪಲ್ಲ. ಅವ್ರಿಗೆ ಬೇರೆ ಯಾವ ಬಾಗ್ಲು ತೆರೆದಿತ್ತು? ಪೊಲೀಸಾ? ಕೋರ್ಟಾ? ಶೆನಾಯ್ ಕೈಗೆ ಆ ಪಾಸ್‌ಪೋರ್ಟ್ ಸಿಕ್ಕಿ ಅವಳು ನ್ಯೂಯಾರ್ಕಿಗೆ ಹೊರಡೋದು ನೋಡಿ ನಾನು ಅತ್ತೆ. ಅದೊಂದು ಹೊಟೇಲಿನ ರೂಮುಗಳನ್ನ ತೊಳೆಯೋ ಹೆಂಗಸು, ಸೂಳೆ ಅಂತ ಜನ ದೂರ ಇಡೋ ಹೆಂಗಸು, ಶವಾಗಾರದಲ್ಲಿ ಕೆಲ್ಸ ಮಾಡೋ ಚೀನೀ ಮನುಷ್ಯ, ಒಬ್ರಿಗೊಬ್ರು ಆಗಿದ್ದು ಇವ್ರೇ. ಕೈಯಲ್ಲಿ ಅಧಿಕಾರ ಇದ್ದ ಒಬ್ರೂ ಆಗ್ಲಿಲ್ಲ.

ರೋಬಸ್ಟಾ ಗೌಡ

ನಿನ್ನೆ ರಾತ್ರಿ ಮಗಳು ಸಿನಿಮಾ ಹಾಕಿಕೊಟ್ಳು, ನೋಡ್ದೆ. ಬೆಳಗ್ಗೆ ಲೈನಿಗೆ ಹೋಗಿ ಕಾರ್ಡುಗಳು ಎಲ್ಲಿವೆ ಅಂತ ಕೇಳ್ದೆ. ಮೇಸ್ತ್ರಿ ಹತ್ರ ಅಂದ್ರು. ಕೊಡು ಅಂದೆ, ವಾದ ಮಾಡ್ದ, ಕೊನೆಗೆ ಕೊಟ್ಟ, ಒಬ್ಬೊಬ್ರನ್ನೇ ಕರ್ದು ಅವ್ರ ಕೈಗೇ ಕೊಟ್ಟಿದೀನಿ. ಈ ವಾರದಿಂದ ಬಟವಾಡೆ ನೇರ ಅವ್ರ ಕೈಗೆ, ಅಕೌಂಟ್ ಇರೋರಿಗೆ ಫೋನ್‌ಪೇ. ಆದ್ರೆ ನನ್ನ ಅಡ್ವಾನ್ಸ್ ಪ್ರಶ್ನೆ ಹಂಗೇ ಇದೆ ವಕೀಲ್ರೇ, ಇದಕ್ಕೇನು ದಾರಿ?

ನ್ಯಾಯಾಲಯ ರಸ್ತೆ, ಹಾಸನ

ಒಳ್ಳೇ ಕೆಲ್ಸ ಮಾಡಿದ್ರಿ ಗೌಡ್ರೇ. ದಾರಿ ಅಂದ್ರೆ, ದೊಡ್ಡ ಮೊತ್ತ ಮೇಸ್ತ್ರಿಗೆ ಕೊಡೋದು ಬಿಡಿ. ಬರೋ ಹೋಗೋ ರೈಲು ಚಾರ್ಜು ನೀವೇ ಕೊಡಿ, ವಾರ ವಾರ ಲೆಕ್ಕ ಚುಕ್ತಾ ಮಾಡಿ, ಲೆಕ್ಕದ ಪುಸ್ತಕ ಅವ್ರಿಗೂ ಒಂದು ಕೊಡಿ. ಉಳ್ಕೊಳೋಕೆ ಕಾರಣ ಇದ್ರೆ ಉಳ್ಕೊತಾರೆ. ಹೋಗ್ತೀನಿ ಅಂದೋರನ್ನ ತಡೆಯೋ ಹಕ್ಕು ಯಾರಿಗೂ ಇಲ್ಲ, ಅದರ ನಷ್ಟ ವ್ಯವಹಾರದ ನಷ್ಟ.

ಬೇರೆಯೋರಿಗೂ ಹೇಳ್ತೀನಿ. ನಿಮ್ಮ ಕಣ್ಣಿಗೆ ಇಂಥದ್ದು ಬಿದ್ರೆ ತುರ್ತು ಇದ್ರೆ 112. ಇಲ್ಲಾಂದ್ರೆ ಉಪವಿಭಾಗಾಧಿಕಾರಿ ಕಚೇರಿಗೆ ಬರವಣಿಗೇಲಿ ಕೊಡಿ, ಜೀತ ಅಂತ ಖಚಿತ ಆದ್ರೆ ಎಸಿ ಸಾಹೇಬ್ರು ಬಿಡುಗಡೆ ಪತ್ರ ಕೊಡ್ತಾರೆ. ಆ ಕಾಗದ ಬಹಳ ಮುಖ್ಯ, ಪುನರ್ವಸತಿ ದುಡ್ಡು ಬರೋದು ಅದರ ಮೇಲೇನೇ. ತಕ್ಷಣಕ್ಕೆ 30,000 ರೂಪಾಯಿವರ್ಗೂ, ಆಮೇಲೆ ಕೇಸಿನ ಸ್ವರೂಪ ನೋಡಿ ಒಂದರಿಂದ ಮೂರು ಲಕ್ಷದವರ್ಗೂ. ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100, ಜೀತಕ್ಕೆ, ಕಳ್ಳಸಾಗಣೆಗೆ ಸಿಕ್ಕೋರಿಗೆ ವಕೀಲರ ಫೀಸು ಇಲ್ಲ, ಆದಾಯ ಎಷ್ಟಿದ್ರೂ ಇಲ್ಲ.

ಹ್ಯಾಂಡ್‌ಪೋಸ್ಟ್ ಹುಡುಗ, ಮೂಡಿಗೆರೆ

ಗೌಡ್ರೇ, ನಿಮಗೆ ಕೈ ಮುಗೀತೀನಿ. ವಕೀಲ್ರೇ, ನೀವು ಬರ್ದಿದ್ದನ್ನ ಒಂದು ಹಾಳೇಲಿ ದೊಡ್ಡ ಅಕ್ಷರದಲ್ಲಿ ಮಾಡಿಸಿ ಲೈನುಗಳಲ್ಲಿ ಹಂಚ್ಬೇಕು ಅಂತಿದೀನಿ, ಗೊರೂರು ಅಕ್ಕ ಹೇಳಿದ ಹೆಂಗಸರ ದೂರಿನ ವಿಷ್ಯಾನೂ ಸೇರಿಸಿ. ಕನ್ನಡದಲ್ಲಿ ಕೊಟ್ರೆ ಅವ್ರಿಗೆ ಓದೋಕೆ ಬರಲ್ಲ, ಎಷ್ಟೋ ಜನಕ್ಕೆ ಅಕ್ಷರಾನೇ ಬರಲ್ಲ, ಹಾಗಾಗಿ ಆಡಿಯೋನೂ ಮಾಡ್ಬೇಕು. ಅಸ್ಸಾಮಿ, ಬಂಗಾಳಿ, ಸಾದ್ರಿ ಮಾತಾಡೋರು ನಿಮ್ಮ ಪರಿಚಯದಲ್ಲಿ ಯಾರಾದ್ರೂ ಇದ್ರೆ ನನಗೆ ಮೆಸೇಜ್ ಮಾಡಿ. ಸಿಸ್ಟರ್, ಲೈನಲ್ಲಿ ಒಂದು ಆರೋಗ್ಯ ತಪಾಸಣೆ ಅಂತ ಇಟ್ಕೊಂಡ್ರೆ ಮೇಸ್ತ್ರಿಗಳೂ ಬೇಡ ಅನ್ನಲ್ಲ, ಆ ನೆಪದಲ್ಲಿ ಹೆಂಗಸರ ಹತ್ರ ಒಳಗೆ ಕೂತು ಮಾತಾಡ್ಬಹುದು, ನೀವು ಬರ್ತೀರಾ?

ವಾರ್ಡ್ ಸಿಸ್ಟರ್, ಹಾಸನ

ಭಾನುವಾರ ಆದ್ರೆ ಬರ್ತೀನಿ. ಬಿಪಿ ಮಷೀನು, ಶುಗರ್ ಸ್ಟ್ರಿಪ್ಪು ನನ್ನ ಹತ್ರ ಇದೆ. ಗೊರೂರು ಅಕ್ಕನೂ ಬಂದ್ರೆ ಒಳ್ಳೇದು.

ಗೊರೂರು ನೀರು

ಬರ್ತೀನಿ. ಗೌಡ್ರ ತೋಟದಿಂದಾನೇ ಶುರು ಮಾಡೋಣ, ಅಲ್ಲಿ ಹೆದರಿಕೆ ಕಮ್ಮಿ ಇರುತ್ತೆ. ಹಾಸನದಿಂದ ಎಷ್ಟೊತ್ತಿನ ಬಸ್ಸು ಹಿಡೀಬೇಕು ಹೇಳಿ.